ಸುಂಕ ತೆತ್ತ ಮಾತ್ರಕ್ಕೆ ಶುದ್ಧವೇ?

ಗೃಹಸ್ಥನಾದವನಿಗೆ ಉದ್ಯೋಗವಿಲ್ಲದೆ ಗತಿಯಿಲ್ಲ. ಬೇಸಾಯ, ವಾಣಿಜ್ಯ, ಕುಶಲಕರ್ಮ ಇವುಗಳಲ್ಲಿ ಯಾವುದಾದರೊಂದನ್ನು ಹಿಡಿದೇ ಸಂಸಾರ ನಡೆಯಬೇಕು. ಆದರೆ ಎಲ್ಲ ಉದ್ಯೋಗಗಳೂ ಸಮಾನವಲ್ಲವೆಂಬ ಅರಿವು ಮನುಷ್ಯನಿಗೆ ಪ್ರಾಚೀನ ಕಾಲದಿಂದಲೂ ಇದೆ. ಅಕ್ಕಿ ಮಾರುವವನನ್ನೂ ವಿಷ ಮಾರುವವನನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಯಾವ ಸಮಾಜವೂ ಒಪ್ಪಿಲ್ಲ. ಇವೆರಡರ ನಡುವೆ ನಿಂತಿರುವ, ಕೂಡಲೇ ಕೊಲ್ಲದ, ಆದರೆ ಯಾರಿಗೂ ಒಳಿತನ್ನು ಮಾಡದ ಪದಾರ್ಥಗಳ ವಿಷಯದಲ್ಲಿ ಮಾತ್ರ ಸಮಾಜವೂ ಸರ್ಕಾರವೂ ಸದಾ ತಡವರಿಸುತ್ತ ಬಂದಿವೆ. ನಿಷೇಧಿಸುವ ಧೈರ್ಯ ಸಾಲದಾದಾಗ, ಒಪ್ಪಿಕೊಳ್ಳಲು ಮನಸ್ಸು ಬಾರದಾದಾಗ, ಸರ್ಕಾರಗಳು ಕೈಗೆತ್ತಿಕೊಳ್ಳುವ ಸಾಧನವೊಂದಿದೆ. ಅದುವೇ ಪರವಾನಗಿ ಶುಲ್ಕ.

ಈ ಶುಲ್ಕವನ್ನು ತೆತ್ತವನು ಏನನ್ನು ಕೊಂಡುಕೊಂಡಂತಾಯಿತು? ತೆರದೆ ಮಾರಿದವನು ಮಾಡಿದ ತಪ್ಪು ಯಾವುದು? ಮಾರುವವನಿಗೆ ತನ್ನ ಮಳಿಗೆಯನ್ನು ಬಾಡಿಗೆಗೆ ಕೊಟ್ಟವನ ಪಾಲು ಎಷ್ಟು? ಈ ಮೂರು ಪ್ರಶ್ನೆಗಳು ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ಮುಂದೆ 1900ರಿಂದ 1905ರವರೆಗಿನ ಐದು ವರ್ಷಗಳಲ್ಲಿ ಹೊಗೆಸೊಪ್ಪಿನ ಮೊಕದ್ದಮೆಗಳ ರೂಪದಲ್ಲಿ ಬಂದವು. ಮೊಕದ್ದಮೆಗಳು ಸಣ್ಣವು, ದಂಡದ ಮೊತ್ತ ಇನ್ನೂ ಸಣ್ಣದು. ಆದರೂ ಅವುಗಳಲ್ಲಿ ಅಡಗಿರುವ ವಿಚಾರ ನಮ್ಮ ನಾಡಿನ ವರ್ತಕರೂ ಗೃಹಸ್ಥರೂ ಮನನ ಮಾಡತಕ್ಕಂಥದಾಗಿದೆ.

ಯಂತ್ರ ತಂದ ಬದಲಾವಣೆ

ಹತ್ತೊಂಬತ್ತನೆಯ ಶತಮಾನದ ಬಹುಭಾಗ ಅಮೆರಿಕದಲ್ಲಿ ಹೊಗೆಸೊಪ್ಪನ್ನು ಜಗಿಯುತ್ತಿದ್ದರು, ಚುಟ್ಟಾ ಮಾಡಿ ಸೇದುತ್ತಿದ್ದರು, ಕೊಳವೆಯಲ್ಲಿ ತುಂಬಿ ಸೇದುತ್ತಿದ್ದರು. ಸಿಗರೇಟನ್ನು ಕೈಯಿಂದಲೇ ಸುತ್ತಬೇಕಾಗಿದ್ದುದರಿಂದ ಅದು ವಿರಳವಾಗಿತ್ತು. ಜೇಮ್ಸ್ ಬೊನ್ಸಾಕ್ ಎಂಬ ತರುಣನು ರೂಪಿಸಿದ ಯಂತ್ರವು 1880ರ ದಶಕದಲ್ಲಿ ಬಳಕೆಗೆ ಬಂದು, ದಿನವೊಂದಕ್ಕೆ ಸುಮಾರು 1,20,000 ಸಿಗರೇಟುಗಳನ್ನು ಸುತ್ತಿ ಹಾಕಲಾರಂಭಿಸಿತು. ಈ ಯಂತ್ರವನ್ನು ತನ್ನದಾಗಿಸಿಕೊಂಡ ಜೇಮ್ಸ್ ಬುಕಾನನ್ ಡ್ಯೂಕ್ ಎಂಬ ಉದ್ಯಮಿ, ಪ್ರತಿಸ್ಪರ್ಧಿಗಳನ್ನೆಲ್ಲ ಒಟ್ಟುಗೂಡಿಸಿ 1890ರಲ್ಲಿ ಅಮೆರಿಕನ್ ಟೊಬ್ಯಾಕೊ ಕಂಪನಿಯನ್ನು ಕಟ್ಟಿದನು. ಹತ್ತು ಸಿಗರೇಟುಗಳ ಪುಟ್ಟ ಕಟ್ಟು ಐದು ಸೆಂಟಿಗೆ ದೊರೆಯತೊಡಗಿತು. ಐದು ಸೆಂಟು ಶಾಲೆಗೆ ಹೋಗುವ ಹುಡುಗನ ಕಿಸೆಯಲ್ಲಿಯೂ ಇರಬಹುದಾದ ಹಣ. ತಾಯಿತಂದೆಗಳ ಕಳವಳ ಇಲ್ಲಿಂದ ಮೊದಲಾಯಿತು.

ವಾಷಿಂಗ್ಟನ್ ರಾಜ್ಯ 1893ರಲ್ಲಿ, ಉತ್ತರ ಡಕೋಟ 1895ರಲ್ಲಿ, ಅಯೋವ 1896ರಲ್ಲಿ, ಟೆನೆಸಿ 1897ರಲ್ಲಿ ಸಿಗರೇಟು ಮಾರಾಟವನ್ನೇ ನಿಷೇಧಿಸುವ ಕಾನೂನು ಮಾಡಿದವು. ಲೂಸಿ ಪೇಜ್ ಗ್ಯಾಸ್ಟನ್ ಎಂಬ ಶಾಲಾ ಉಪಾಧ್ಯಾಯಿನಿ 1899ರಲ್ಲಿ ಷಿಕಾಗೊ ನಗರದಲ್ಲಿ ಸಿಗರೇಟು ವಿರೋಧಿ ಸಂಘವನ್ನು ಸ್ಥಾಪಿಸಿದರು. ಶ್ವಾಸಕೋಶದ ಕ್ಯಾನ್ಸರಿಗೂ ಧೂಮಪಾನಕ್ಕೂ ಇರುವ ಸಂಬಂಧವನ್ನು ವೈದ್ಯ ವಿಜ್ಞಾನ ದೃಢವಾಗಿ ತೋರಿಸಿದ್ದು 1950ರಲ್ಲಿ. ಅಮೆರಿಕ ಸರ್ಕಾರದ ಪ್ರಧಾನ ವೈದ್ಯಾಧಿಕಾರಿಯ ವರದಿ ಹೊರಬಂದದ್ದು 1964ರಲ್ಲಿ. ಅದಕ್ಕೆ ಅರ್ಧ ಶತಮಾನ ಮೊದಲೇ ಸಾಮಾನ್ಯ ಜನರ ವಿವೇಕ ಅಪಾಯವನ್ನು ಗುರುತಿಸಿತ್ತೆಂಬುದು ಗಮನಾರ್ಹ.

ಬಾಗಿಲು ತಟ್ಟದವನ ದೂರು

ಷಿಕಾಗೊ ನಗರಸಭೆ ನಿಷೇಧದ ಹಾದಿ ಹಿಡಿಯಲಿಲ್ಲ. ಸಿಗರೇಟು ಮಾರುವವನು ವರ್ಷಕ್ಕೆ 100 ಡಾಲರು ತೆತ್ತು ಪರವಾನಗಿ ಪಡೆಯತಕ್ಕದ್ದೆಂದು ಕಟ್ಟಳೆ ಮಾಡಿತು. ಐದು ಸೆಂಟಿನ ಲೆಕ್ಕದಲ್ಲಿ 2,000 ಕಟ್ಟುಗಳ ಪೂರ್ಣ ಬೆಲೆ ಇದು. ಶುಲ್ಕದೊಡನೆ ಷರತ್ತುಗಳೂ ಇದ್ದವು. ಅರ್ಜಿದಾರನು ಸಚ್ಚಾರಿತ್ರ್ಯವುಳ್ಳವನೆಂದು ನಗರದ ಆರೋಗ್ಯಾಧಿಕಾರಿಗೆ ಮನವರಿಕೆಯಾಗಬೇಕು. ಜಾಮೀನು ಪತ್ರ ಕೊಡಬೇಕು. ಸಿಗರೇಟಿನಲ್ಲಿ ಅಫೀಮು, ಮಾರ್ಫಿನ್ ಮೊದಲಾದ ದ್ರವ್ಯಗಳು ಬೆರೆತಿರಬಾರದು. ಶಾಲೆಯಿಂದ 200 ಅಡಿಗಳ ಒಳಗೆ ಅಂಗಡಿ ಇರಬಾರದು.

ಗಂಡ್ಲಿಂಗ್ ಎಂಬ ವರ್ತಕನು ಪರವಾನಗಿ ಪಡೆಯದೆಯೇ ಸಿಗರೇಟು ಮಾರಿದನು. ಅವನಿಗೆ 50 ಡಾಲರು ದಂಡ ಬಿತ್ತು. ದಂಡ ತೆತ್ತು ಸುಮ್ಮನಾಗುವ ಬದಲು ಅವನು ಮೇಲ್ಮನವಿಯ ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತಿದನು. ಇಲಿನಾಯ್ ರಾಜ್ಯದ ಸರ್ವೋಚ್ಚ ನ್ಯಾಯಾಲಯದಲ್ಲಿ 1898ರಲ್ಲಿ ಸೋತು, ಕೊನೆಗೆ ದೇಶದ ಸರ್ವೋಚ್ಚ ನ್ಯಾಯಾಲಯವನ್ನು ತಲುಪಿದನು. ಪರವಾನಗಿ ಕೊಡುವುದೂ ಬಿಡುವುದೂ ಅಧಿಕಾರಿಯ ಇಚ್ಛೆಗೆ ಬಿಟ್ಟಿದೆ, ಇದು ನಿರಂಕುಶ ಅಧಿಕಾರ, ಶುಲ್ಕವೂ ಅತಿಯಾಗಿದೆ ಎಂಬುದು ಅವನ ವಾದದ ತಿರುಳು.

ಈ ವಾದ ಹುರುಳಿಲ್ಲದ್ದೇನೂ ಆಗಿರಲಿಲ್ಲ. ಹದಿನಾಲ್ಕು ವರ್ಷಗಳ ಹಿಂದೆ, 1886ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೊ ನಗರದ ಅಗಸರ ಮೊಕದ್ದಮೆಯೊಂದು ಅದೇ ನ್ಯಾಯಾಲಯದ ಮುಂದೆ ಬಂದಿತ್ತು. ಮರದ ಕಟ್ಟಡಗಳಲ್ಲಿ ಬಟ್ಟೆ ಒಗೆಯುವ ಅಂಗಡಿ ನಡೆಸಲು ಅಲ್ಲಿ ಅಪ್ಪಣೆ ಬೇಕಾಗಿತ್ತು. ಅರ್ಜಿ ಹಾಕಿದ ಇನ್ನೂರು ಮಂದಿ ಚೀನೀಯರಿಗೆ ಅಪ್ಪಣೆ ನಿರಾಕರಿಸಿ, ಚೀನೀಯರಲ್ಲದ ಸುಮಾರು ಎಂಬತ್ತು ಮಂದಿಗೆ ಕೊಡಲಾಗಿತ್ತು. ನ್ಯಾಯಾಲಯವು ಇದು ಕಾನೂನಿನ ಮುಸುಕಿನಲ್ಲಿ ನಡೆದ ಪಕ್ಷಪಾತವೆಂದು ಖಂಡಿಸಿತ್ತು. ಪರವಾನಗಿ ಎಂಬ ಆಯುಧ ದುರ್ಬಲನ ಹೊಟ್ಟೆಯ ಮೇಲೆ ಹೊಡೆಯಲೂ ಬಳಕೆಯಾಗಬಹುದೆಂಬುದಕ್ಕೆ ಆ ಪ್ರಕರಣವೇ ಸಾಕ್ಷಿ.

ಆದರೆ 1900ರ ಏಪ್ರಿಲ್ ತಿಂಗಳಿನಲ್ಲಿ ತೀರ್ಪು ಬರೆದ ನ್ಯಾಯಮೂರ್ತಿ ರೂಫಸ್ ಪೆಕ್‌ಹ್ಯಾಮ್ ಅವರು ಎರಡು ಪ್ರಕರಣಗಳ ಅಂತರವನ್ನು ಗುರುತಿಸಿದರು. ಅಗಸನು ಅಪ್ಪಣೆ ಕೇಳಿದ್ದನು, ಅವನಿಗೆ ಅದು ದೊರೆಯಲಿಲ್ಲ. ಗಂಡ್ಲಿಂಗನು ಅರ್ಜಿಯನ್ನೇ ಹಾಕಿರಲಿಲ್ಲ. ಬಾಗಿಲನ್ನು ತಟ್ಟದವನು ಬಾಗಿಲು ತೆರೆಯಲಿಲ್ಲವೆಂದು ದೂರುವಂತಿಲ್ಲ. ಇನ್ನು ಶುಲ್ಕದ ಮೊತ್ತ ಎಷ್ಟಿರಬೇಕೆಂಬುದು ರಾಜ್ಯದ ವಿವೇಚನೆಗೆ ಸೇರಿದ ವಿಷಯ. ಹಾನಿಕರವಾಗಬಲ್ಲ ವ್ಯಾಪಾರವನ್ನು ಹತೋಟಿಯಲ್ಲಿಡಲು ಅದು ಶುಲ್ಕ ವಿಧಿಸಬಹುದು. ಗಂಡ್ಲಿಂಗನ ಮೇಲ್ಮನವಿ ವಜಾ ಆಯಿತು.

ವಿಚಾರ ಮಾಡಿದರೆ, ನಿಯಮ ಅನ್ಯಾಯವೆಂದು ಕಂಡವನಿಗೆ ಹಾದಿಗಳು ಎರಡು. ನಿಯಮವನ್ನು ಎದುರಿಗೇ ಪ್ರಶ್ನಿಸುವುದು ಒಂದು. ಅದರ ಕಣ್ಣು ತಪ್ಪಿಸಿ ಲಾಭ ಮಾಡಿಕೊಂಡು, ಸಿಕ್ಕಿಬಿದ್ದಾಗ ತತ್ತ್ವವನ್ನು ನೆನೆಯುವುದು ಇನ್ನೊಂದು. ಎರಡನೆಯ ಹಾದಿಯಲ್ಲಿ ನಡೆದವನ ಬಾಯಲ್ಲಿ ಸತ್ಯವಾದ ಮಾತೂ ತೂಕ ಕಳೆದುಕೊಳ್ಳುತ್ತದೆ.

ಬುಟ್ಟಿಯೊಳಗಿನ ಯುಕ್ತಿ

ಅದೇ ವರ್ಷದ ನವೆಂಬರಿನಲ್ಲಿ ಟೆನೆಸಿಯ ಆಸ್ಟಿನ್ ಎಂಬ ವರ್ತಕನ ಮೊಕದ್ದಮೆ ತೀರ್ಮಾನವಾಯಿತು. ಇದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಮೇರಿಲೆಂಡ್ ರಾಜ್ಯವು ಹೊರದೇಶದ ಸರಕು ತರಿಸಿ ಮಾರುವವರು 50 ಡಾಲರು ತೆತ್ತು ಪರವಾನಗಿ ಪಡೆಯಬೇಕೆಂದು ಹೇಳಿದ್ದಾಗ, ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್ ಅವರು 1827ರಲ್ಲಿ ಆ ಶುಲ್ಕವನ್ನು ತಳ್ಳಿಹಾಕಿದ್ದರು. ಸರಕು ಬಂದ ಮೂಲ ಕಟ್ಟನ್ನು ಒಡೆಯದಿರುವವರೆಗೂ ರಾಜ್ಯವು ಅದರ ಮೇಲೆ ಕೈಯಿಡಲಾಗದೆಂಬ ಸೂತ್ರ ಅಲ್ಲಿಂದ ಹುಟ್ಟಿತು. 1890ರಲ್ಲಿ ಅಯೋವ ರಾಜ್ಯಕ್ಕೆ ಬಂದ ಬಿಯರ್ ಪೀಪಾಯಿಗಳ ಪ್ರಕರಣದಲ್ಲಿ ಇದೇ ಸೂತ್ರವನ್ನು ನೆರೆರಾಜ್ಯದಿಂದ ಬಂದ ಸರಕಿಗೂ ಅನ್ವಯಿಸಲಾಯಿತು. ಮದ್ಯದ ಮಟ್ಟಿಗೆ ಸಂಸತ್ತು ಅದೇ ವರ್ಷ ಕಾನೂನು ಮಾಡಿ ಈ ಕಿಂಡಿಯನ್ನು ಮುಚ್ಚಿತು. ಸಿಗರೇಟಿನ ಮಟ್ಟಿಗೆ ಕಿಂಡಿ ತೆರೆದೇ ಉಳಿಯಿತು.

ಕಂಪನಿ ಆ ಕಿಂಡಿಯಲ್ಲಿ ನುಸುಳಲು ಯತ್ನಿಸಿತು. ಉತ್ತರ ಕೆರೊಲಿನದ ಡರ್ಹಮ್ ಊರಿನ ಕಾರ್ಖಾನೆಯಿಂದ ಹತ್ತು ಹತ್ತು ಸಿಗರೇಟುಗಳ ಕಟ್ಟುಗಳನ್ನು ಪೆಟ್ಟಿಗೆಯಲ್ಲಿಡದೆ, ಹಾಗೆಯೇ ತೆರೆದ ಬುಟ್ಟಿಯೊಂದರಲ್ಲಿ ಸುರಿದು ಸಾಗಣೆ ಸಂಸ್ಥೆಯ ಮೂಲಕ ಕಳುಹಿಸಲಾಯಿತು. ಸಾಗಣೆಯವನು ಅಂಗಡಿಯ ಹಲಗೆಯ ಮೇಲೆ ಬುಟ್ಟಿಯನ್ನು ಬರಿದು ಮಾಡಿ, ಬುಟ್ಟಿಯನ್ನು ತೆಗೆದುಕೊಂಡು ಹೋದನು. ಆಸ್ಟಿನ್ ಅದರಲ್ಲಿ ಒಂದು ಕಟ್ಟನ್ನು ಒಡೆಯದೆ ಮಾರಿದನು. ಈ ಅಂಗೈಯಗಲದ ಕಟ್ಟೇ ನಮ್ಮ ‘ಮೂಲ ಕಟ್ಟು’, ಆದ್ದರಿಂದ ರಾಜ್ಯದ ನಿಷೇಧ ನಮಗೆ ತಟ್ಟದು ಎಂದು ವಾದ.

ನ್ಯಾಯಮೂರ್ತಿ ಹೆನ್ರಿ ಬಿಲ್ಲಿಂಗ್ಸ್ ಬ್ರೌನ್ ಅವರು ಈ ವಾದವನ್ನು ಒಪ್ಪಲಿಲ್ಲ. ಮೂಲ ಕಟ್ಟೆಂಬ ರಕ್ಷಣೆ ಪ್ರಾಮಾಣಿಕ ವ್ಯಾಪಾರದಲ್ಲಿ ಸಹಜವಾಗಿ ಬಳಕೆಯಾಗುವ ಕಟ್ಟಿಗೆ ಸಲ್ಲುತ್ತದೆ. ಕಾನೂನಿನ ಕಣ್ಣಿಗೆ ಮಣ್ಣೆರಚಲೆಂದೇ ಏರ್ಪಡಿಸಿದ ಕಟ್ಟಿಗೆ ಸಲ್ಲದು ಎಂಬುದು ಅವರ ನಿರ್ಣಯದ ಸಾರ. ಸಿಗರೇಟು ವ್ಯಾಪಾರಕ್ಕೇ ಯೋಗ್ಯವಲ್ಲದ ವಸ್ತುವೆಂದು ಟೆನೆಸಿಯ ನ್ಯಾಯಾಲಯ ಹೇಳಿದ್ದನ್ನು ಅವರು ಅನುಮೋದಿಸಲಿಲ್ಲ. ಹೊಗೆಸೊಪ್ಪು ಶತಮಾನಗಳಿಂದ ವ್ಯಾಪಾರದ ವಸ್ತುವಾಗಿದೆ. ಆದರೂ ಅದರಿಂದ ಕೆಡುಕಾಗುತ್ತದೆಂದು ಬಹುಜನರು ನಂಬಿರುವಾಗ ಶಾಸನಸಭೆ ಕ್ರಮ ಕೈಗೊಳ್ಳುವುದು ಅಯುಕ್ತವಲ್ಲ ಎಂದರು. ತೀರ್ಪು ಐವರಿಗೆ ನಾಲ್ವರ ಅಂತರದಲ್ಲಿ ಬಂದಿತು. ಏಪ್ರಿಲ್‌ನಲ್ಲಿ ಷಿಕಾಗೊದ ಶುಲ್ಕವನ್ನು ಎತ್ತಿಹಿಡಿದಿದ್ದ ಪೆಕ್‌ಹ್ಯಾಮ್ ಅವರೇ ಈ ಸಲ ಭಿನ್ನಮತದ ಪಕ್ಷದಲ್ಲಿದ್ದರು.

ಮುನ್ನೂರು ಡಾಲರಿನ ಭಾರ

ಈಗ ಮುಖ್ಯ ಪ್ರಕರಣಕ್ಕೆ ಬರೋಣ. ಅಯೋವ ರಾಜ್ಯದ ಕಾನೂನು ವಿಲಕ್ಷಣವಾಗಿತ್ತು. ಒಂದು ಕಲಮು ಸಿಗರೇಟು ಮಾರಾಟವನ್ನು ನಿಷೇಧಿಸುತ್ತಿತ್ತು. ಅದರ ಮುಂದಿನ ಕಲಮು ಮಾರುವವನ ಮೇಲೆ ವರ್ಷಕ್ಕೆ 300 ಡಾಲರು ತೆರಿಗೆ ಹೇರುತ್ತಿತ್ತು. ಅಷ್ಟಕ್ಕೇ ನಿಲ್ಲದೆ, ಯಾವ ಕಟ್ಟಡದಲ್ಲಿ ಮಾರಾಟ ನಡೆಯಿತೋ ಆ ಕಟ್ಟಡದ ಮೇಲೂ ಅದರ ಮಾಲೀಕನ ಮೇಲೂ ಅದೇ ತೆರಿಗೆಯ ಹೊಣೆ ಬೀಳುತ್ತಿತ್ತು. ತೆರಿಗೆ ಸಲ್ಲುವವರೆಗೂ ಅದು ಆಸ್ತಿಯ ಮೇಲೆ ತೀರದ ಭಾರವಾಗಿ ನಿಲ್ಲುತ್ತಿತ್ತು. ನಮ್ಮ ಪಹಣಿ ಪತ್ರಿಕೆಗಳಲ್ಲಿ ಬೋಜಾ ಎಂದು ದಾಖಲಾಗುವಂತೆ. ಎಲ್ಲಕ್ಕಿಂತ ವಿಶೇಷವಾದುದು ಇನ್ನೊಂದು ಮಾತು. ಈ ತೆರಿಗೆಯನ್ನು ಸಲ್ಲಿಸಿದ್ದೇನೆಂಬ ಕಾರಣಕ್ಕೆ ನಿಷೇಧ ಮೀರಿದ ಅಪರಾಧದ ವಿಚಾರಣೆಯಿಂದ ಯಾರಿಗೂ ಬಿಡುಗಡೆಯಿಲ್ಲವೆಂದು ಕಾನೂನೇ ಸ್ಪಷ್ಟಪಡಿಸಿತ್ತು.

ಹಣ ಕೊಟ್ಟರೂ ಅಪ್ಪಣೆಯಿಲ್ಲ! ಸಾಮಾನ್ಯ ವ್ಯವಹಾರಬುದ್ಧಿಗೆ ಇದು ಅಸಂಗತವೆನಿಸುತ್ತದೆ. ಅಪ್ಪಣೆಯನ್ನೇ ಕೊಡದೆ ಸುಂಕ ವಸೂಲು ಮಾಡುವುದು ಯಾವ ನ್ಯಾಯ? ಅಯೋವದ ವರ್ತಕರಿಗೂ ಹೀಗೆಯೇ ಅನಿಸಿತು.

ಮಾರ್ಷಲ್ ಕೌಂಟಿಯ ಕುಕ್ ಎಂಬ ವರ್ತಕರು ಆಸ್ಟಿನನ ಯುಕ್ತಿಯನ್ನೇ ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದರು. ಬುಟ್ಟಿಯಲ್ಲಿ ಬಂದದ್ದೇ ದೋಷವಾದರೆ ಬುಟ್ಟಿಯೇ ಬೇಡ! ಸೇಂಟ್ ಲೂಯಿಸ್ ನಗರದಿಂದ ಹತ್ತು ಸಿಗರೇಟುಗಳ ಕಟ್ಟುಗಳನ್ನು ಪೆಟ್ಟಿಗೆ, ಬುಟ್ಟಿ, ಹೊದಿಕೆ, ವಿಳಾಸ ಯಾವುದೂ ಇಲ್ಲದೆ ಬಿಡಿಬಿಡಿಯಾಗಿ ತರಿಸಿಕೊಂಡರು. ತಮ್ಮದು ಅಂತರರಾಜ್ಯ ವ್ಯಾಪಾರ, ಆದ್ದರಿಂದ 300 ಡಾಲರಿನ ತೆರಿಗೆ ತಮಗೆ ಅನ್ವಯಿಸದೆಂದು ವಾದಿಸಿ, ರಾಜ್ಯದ ನ್ಯಾಯಾಲಯಗಳಲ್ಲಿ ಸೋತು, ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. 1905ರಲ್ಲಿ ಬ್ರೌನ್ ಅವರೇ ತೀರ್ಪು ಬರೆದರು. ಯಾವ ವ್ಯಾಪಾರಿಯೂ ಕಾರಣವಿಲ್ಲದೆ ಸಾವಿರಾರು ಪುಟ್ಟ ಕಟ್ಟುಗಳನ್ನು ಹೀಗೆ ಸುರಿದುಕೊಂಡು ತರಿಸುವುದಿಲ್ಲ. ತೆರಿಗೆ ತಪ್ಪಿಸುವುದೊಂದೇ ಇಲ್ಲಿರುವ ಕಾರಣ. ಮೂಲ ಕಟ್ಟಿನ ರಕ್ಷಣೆ ನಿಂತಿರುವುದು ವ್ಯವಹಾರದ ಪ್ರಾಮಾಣಿಕತೆಯ ಮೇಲೆ. ಪ್ರಾಮಾಣಿಕತೆ ಇಲ್ಲದಲ್ಲಿ ರಕ್ಷಣೆಯೂ ಇಲ್ಲವೆಂದು ನ್ಯಾಯಾಲಯ ತೀರ್ಮಾನಿಸಿತು.

ಜೊತೆಯಲ್ಲಿಯೇ ತೀರ್ಮಾನವಾದ ಮಸ್ಕಟೀನ್ ಕೌಂಟಿಯ ಹಾಜ್ ಪ್ರಕರಣ ನಮ್ಮ ಮೂರನೆಯ ಪ್ರಶ್ನೆಯನ್ನು ಮುಟ್ಟುತ್ತದೆ. ತೆರಿಗೆಯ ಭಾರವನ್ನು ಕಟ್ಟಡದ ಮೇಲೆ ಹೊರಿಸುವಾಗ ಮುಂಚಿತವಾಗಿ ನೋಟೀಸು ಕೊಡುವ ಏರ್ಪಾಡು ಇಲ್ಲ, ಇದು ನ್ಯಾಯಸಮ್ಮತ ಪ್ರಕ್ರಿಯೆಯಲ್ಲ ಎಂಬ ಆಕ್ಷೇಪಣೆ ಅಲ್ಲಿ ಎದ್ದಿತು. ಹೊಣೆ ಬಿದ್ದವನು ಕೌಂಟಿಯ ಆಡಳಿತ ಮಂಡಳಿಯ ಮುಂದೆ ಮನವಿ ಸಲ್ಲಿಸಿ ತೆರಿಗೆಯನ್ನು ತೆಗೆಸಿಕೊಳ್ಳಲು ಅವಕಾಶವಿದೆ, ಅಲ್ಲಿಂದ ಜಿಲ್ಲಾ ನ್ಯಾಯಾಲಯಕ್ಕೆ ಮೇಲ್ಮನವಿಯೂ ಇದೆ. ಆದ್ದರಿಂದ ಅನ್ಯಾಯವಾಗಿಲ್ಲ ಎಂದಿತು ನ್ಯಾಯಾಲಯ. ಈ ಹಣವು ಅಪರಾಧಕ್ಕೆ ವಿಧಿಸಿದ ದಂಡವೂ ಅಲ್ಲ, ಮಾರಾಟಕ್ಕೆ ಕೊಟ್ಟ ಪರವಾನಗಿಯ ಬೆಲೆಯೂ ಅಲ್ಲ. ವ್ಯಾಪಾರದ ಮೇಲಣ ತೆರಿಗೆ ಮಾತ್ರ ಎಂದು ವಿವರಿಸಿತು. ಹೀಗೆ ಕಟ್ಟಡದ ಮೇಲಿನ ಹೊಣೆ ಉಳಿಯಿತು.

ಮಾಡುವವನು, ಮಾಡಿಸುವವನು, ಒಪ್ಪುವವನು

ಅಯೋವದ ಶಾಸನಕಾರರು ನಮ್ಮ ನೀತಿಗ್ರಂಥಗಳನ್ನು ಓದಿದ್ದವರಲ್ಲ. ಆದರೂ ಕೆಲಸವೊಂದನ್ನು ತಾನೇ ಮಾಡುವುದು, ಇತರರಿಂದ ಮಾಡಿಸುವುದು, ಮಾಡುವುದನ್ನು ಅನುಮೋದಿಸುವುದು ಈ ಮೂರಕ್ಕೂ ಹೊಣೆಯುಂಟೆಂಬ ಹಳೆಯ ವಿವೇಕದ ಸಮೀಪಕ್ಕೆ ಅವರು ತಮ್ಮದೇ ಹಾದಿಯಲ್ಲಿ ಬಂದಿದ್ದರು. ಅಂಗಡಿಯವನು ಮಾರುತ್ತಾನೆ, ಕಂಪನಿ ಮಾರಿಸುತ್ತದೆ, ಮಳಿಗೆಯ ಮಾಲೀಕನು ತಿಂಗಳಿಗೊಮ್ಮೆ ಬಾಡಿಗೆ ಎಣಿಸಿಕೊಂಡು ಬೇರೆ ಕಡೆಗೆ ಮುಖ ತಿರುಗಿಸುತ್ತಾನೆ. ಆ ಮೂರನೆಯವನ ಗೋಡೆಯ ಮೇಲೆ ಕಾನೂನು ಭಾರ ಹೊರಿಸಿತು. ನಿನ್ನ ಸೂರಿನ ಕೆಳಗೆ ಏನು ನಡೆಯುತ್ತಿದೆಯೆಂದು ತಿಳಿದುಕೊಳ್ಳುವುದೂ ನಿನ್ನ ಕರ್ತವ್ಯವೇ ಎಂಬುದು ಅದರ ಅರ್ಥ.

ಎರಡನೆಯದಾಗಿ, ಹಣ ತೆತ್ತ ಮಾತ್ರಕ್ಕೆ ದೋಷ ತೊಳೆದುಹೋಗದೆಂಬ ಮಾತು. ವಿಚಿತ್ರವೆನಿಸಿದ ಆ ಕಲಮಿನ ನೈತಿಕ ಬೆಲೆ ಇರುವುದು ಇಲ್ಲಿಯೇ. ಪರವಾನಗಿ ಶುಲ್ಕ ನಿತ್ಯದ ಪದ್ಧತಿಯಾದಾಗ ಎರಡು ಕಡೆಯ ಮನಸ್ಸೂ ಮೊಂಡಾಗುತ್ತದೆ. ಚೀಟಿ ಗೋಡೆಯ ಮೇಲೆ ತೂಗುತ್ತಿದೆ, ಇನ್ನು ಯಾರ ಅಂಜಿಕೆ ಎಂದು ಮಾರುವವನು ಭಾವಿಸುತ್ತಾನೆ. ಬೊಕ್ಕಸ ತುಂಬುತ್ತಿದೆ, ನಿಲ್ಲಿಸುವ ಆತುರವೇಕೆ ಎಂದು ಸರ್ಕಾರ ಭಾವಿಸುತ್ತದೆ. ಅಯೋವದಲ್ಲಿ ನಡೆದದ್ದೂ ಇದೇ. ಮೊದಲನೆಯ ಮಹಾಯುದ್ಧದ ತರುವಾಯ ಸಿಗರೇಟು ಸೇದುವವರು ಹೆಚ್ಚಿದರು. 1921ರಲ್ಲಿ ರಾಜ್ಯವು ನಿಷೇಧವನ್ನು ತೆಗೆದು, ಪರವಾನಗಿಯ ಮೂಲಕ ಮಾರಾಟಕ್ಕೆ ಅವಕಾಶ ಕೊಟ್ಟಿತು. ಕೊನೆಯದಾಗಿ ಉಳಿದಿದ್ದ ಕಾನ್ಸಾಸ್ ರಾಜ್ಯದ ನಿಷೇಧವೂ 1927ರಲ್ಲಿ ಹೋಯಿತು. ದಂಡವೂ ಅಲ್ಲದ, ಅಪ್ಪಣೆಯೂ ಅಲ್ಲದ ಆ 300 ಡಾಲರಿನ ಭಾರ ಇಳಿದು, ಅದರ ಜಾಗದಲ್ಲಿ ಅಪ್ಪಣೆಯ ಬೆಲೆ ಬಂದು ಕುಳಿತಿತು.

ನ್ಯಾಯಾಲಯದ ತೀರ್ಪನ್ನು ಧರ್ಮದ ಕೊನೆಯ ಮಾತೆಂದು ಭಾವಿಸಬಾರದೆಂಬುದನ್ನೂ ಇಲ್ಲಿ ಹೇಳಬೇಕು. ಇಷ್ಟು ಸೂಕ್ಷ್ಮವಾಗಿ ಅಪ್ರಾಮಾಣಿಕತೆಯನ್ನು ಗುರುತಿಸಿದ ಇದೇ ಬ್ರೌನ್ ಅವರು 1896ರಲ್ಲಿ ಕರಿಯರಿಗೂ ಬಿಳಿಯರಿಗೂ ರೈಲಿನಲ್ಲಿ ಬೇರೆ ಬೇರೆ ಡಬ್ಬಿಗಳಿರುವುದು ಸರಿಯೆಂದು ತೀರ್ಪು ಬರೆದಿದ್ದರು. ಸಿಗರೇಟಿನ ಬುಟ್ಟಿಯಲ್ಲಿ ಕಂಡ ಕಪಟ ಅವರಿಗೆ ರೈಲಿನ ಡಬ್ಬಿಯಲ್ಲಿ ಕಾಣಲಿಲ್ಲ. ಮನುಷ್ಯನ ವಿವೇಕ ಒಂದೆಡೆ ಬೆಳಗಿ ಇನ್ನೊಂದೆಡೆ ಕತ್ತಲಲ್ಲಿರಬಲ್ಲದು. ಇದು ನಮಗೂ ಎಚ್ಚರಿಕೆಯೇ.

ನಮ್ಮ ನಾಡಿನತ್ತ

ಈ ಪ್ರಕರಣಗಳು ದೂರದ ದೇಶದವು ಎನ್ನುವಂತಿಲ್ಲ. ಬೆಳಗಾವಿ ಜಿಲ್ಲೆಯ ನಿಪ್ಪಾಣಿ ಬೀಡಿ ಹೊಗೆಸೊಪ್ಪಿನ ಹೆಸರಾಂತ ಪೇಟೆ. ಹುಣಸೂರು, ಪಿರಿಯಾಪಟ್ಟಣಗಳ ಕೆಂಪು ಮಣ್ಣಿನಲ್ಲಿ ಸಿಗರೇಟಿನ ಹೊಗೆಸೊಪ್ಪು ಬೆಳೆಯುತ್ತದೆ. ನಿಪ್ಪಾಣಿಯ ರೈತರು ಯೋಗ್ಯ ಬೆಲೆಗಾಗಿ 1981ರಲ್ಲಿ ಹೆದ್ದಾರಿಯಲ್ಲಿ ಕುಳಿತ ಚಳವಳಿ ಗೋಳೀಬಾರಿನಲ್ಲಿ ಮುಗಿದುದನ್ನು ಹಿರಿಯರು ಮರೆತಿರಲಾರರು. ವಖಾರಿಗಳ ಧೂಳಿನಲ್ಲಿ ದುಡಿದ ಹೆಣ್ಣುಮಕ್ಕಳ ಕೆಮ್ಮನ್ನು ಕೇಳಿದವರೂ ನಮ್ಮಲ್ಲಿದ್ದಾರೆ. ಈ ಬೆಳೆಯನ್ನು ನಂಬಿದ ಬಡವನನ್ನು ತುಚ್ಛೀಕರಿಸುವ ಅಧಿಕಾರ ಯಾರಿಗೂ ಇಲ್ಲ. ಬೇರೆ ಬೆಳೆ ಕೈಹಿಡಿಯದೆ ಬೆಳೆದವನ ಹೊಣೆಯೂ, ಬೇರೆ ಹತ್ತು ವ್ಯಾಪಾರಗಳು ಸಾಧ್ಯವಿದ್ದೂ ಇದನ್ನೇ ಆರಿಸಿಕೊಂಡವನ ಹೊಣೆಯೂ ಒಂದೇ ಆಗಲಾರದು.

ಶುಲ್ಕದ ವ್ಯಾಜ್ಯ ನಮ್ಮಲ್ಲಿಯೂ ನಡೆಯಿತು. ಹೊಗೆಸೊಪ್ಪಿನ ಮೇಲೆ ಕರ್ನಾಟಕದ ಮಾರುಕಟ್ಟೆ ಶುಲ್ಕ ವಿಧಿಸಬಹುದೇ ಎಂಬ ಪ್ರಶ್ನೆಯಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವು 1985ರಲ್ಲಿ, ಕೇಂದ್ರದ 1975ರ ತಂಬಾಕು ಮಂಡಳಿ ಕಾಯಿದೆಯೇ ಮೇಲೆಂದು ಬಹುಮತದಿಂದ ಹೇಳಿ, ರಾಜ್ಯಕ್ಕೆ ಆ ಅಧಿಕಾರವಿಲ್ಲವೆಂದಿತು. ಬಿಹಾರದಿಂದ ಬಂದ ಅಂಥದೇ ಮೊಕದ್ದಮೆಯಲ್ಲಿ ಐವರು ನ್ಯಾಯಮೂರ್ತಿಗಳ ಪೀಠವು 2002ರ ಜನವರಿಯಲ್ಲಿ, ಮೂವರ ಬಹುಮತದಿಂದ, ಆ ತೀರ್ಪನ್ನು ತಿರುಗಿಸಿ ರಾಜ್ಯಗಳ ಮಾರುಕಟ್ಟೆ ಶುಲ್ಕವನ್ನು ಎತ್ತಿಹಿಡಿಯಿತು. ಈ ವ್ಯಾಜ್ಯಗಳಲ್ಲಿ ಚರ್ಚೆಯಾದದ್ದು ಶುಲ್ಕ ಯಾರಿಗೆ ಸಲ್ಲಬೇಕೆಂಬುದು. ಸರಕು ಒಳ್ಳೆಯದೋ ಕೆಟ್ಟದ್ದೋ ಎಂಬುದು ಚರ್ಚೆಗೇ ಬರಲಿಲ್ಲ. ಕಾನೂನಿನ ದೃಷ್ಟಿಯಿಂದ ಬರಬೇಕಾಗಿಯೂ ಇರಲಿಲ್ಲ. ಆ ಪ್ರಶ್ನೆಗೆ ಉತ್ತರ ಬಂದದ್ದು 2003ರ ಕೇಂದ್ರ ಕಾಯಿದೆಯಲ್ಲಿ. ಹದಿನೆಂಟು ತುಂಬದವರಿಗೆ ಹೊಗೆಸೊಪ್ಪಿನ ಪದಾರ್ಥ ಮಾರಕೂಡದು, ವಿದ್ಯಾಸಂಸ್ಥೆಯಿಂದ 100 ಗಜಗಳ ಒಳಗೆ ಮಾರಕೂಡದು ಎಂದು ಅದು ವಿಧಿಸಿತು. ನೂರು ಗಜವೆಂದರೆ 300 ಅಡಿ. ಷಿಕಾಗೊ ನಗರ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹಾಕಿದ್ದ ಗೆರೆ 200 ಅಡಿಯದು. ನೂರು ವರ್ಷಗಳಲ್ಲಿ ಗೆರೆ ಸರಿದದ್ದು ನೂರು ಅಡಿ!

ಗೆರೆ ಎಷ್ಟು ದೂರ ಸರಿದರೂ ಅದರ ಆಚೆ ಒಂದು ಹೆಜ್ಜೆಯಲ್ಲಿ ಅಂಗಡಿಯಿಡಲು ಅವಕಾಶ ಇದ್ದೇ ಇರುತ್ತದೆ. ಕಾನೂನು ಅಡಿಗೋಲು ಹಿಡಿದು ಅಳೆಯಬಲ್ಲದು. ಗೆರೆಯ ಆಚೆ ನಿಂತವನ ಅಂತಃಕರಣವನ್ನು ಅಳೆಯಲಾರದು. ಆ ಅಳತೆ ನಮ್ಮ ನಮ್ಮ ಪಾಲಿನದು. ನಮ್ಮಲ್ಲಿ ಎಷ್ಟೋ ಮನೆತನಗಳು ಪೇಟೆಬೀದಿಯಲ್ಲಿ ಮಳಿಗೆಗಳನ್ನು ಹೊಂದಿವೆ. ಬಾಡಿಗೆಯ ಹಣದಲ್ಲಿ ಮಕ್ಕಳು ಓದಿದ್ದಾರೆ, ದಾನಧರ್ಮಗಳು ನಡೆದಿವೆ. ವರ್ಷದ ಕರಾರು ಪತ್ರ ಬರೆಯುವಾಗ ಬಾಡಿಗೆ ಎಷ್ಟು, ಮುಂಗಡ ಎಷ್ಟು ಎಂದು ತಪ್ಪದೆ ಕೇಳುತ್ತೇವೆ. ಅಲ್ಲಿ ಏನನ್ನು ಮಾರುವಿರಿ, ಯಾರಿಗೆ ಮಾರುವಿರಿ ಎಂಬ ಇನ್ನೆರಡು ಪ್ರಶ್ನೆಗಳನ್ನು ಸೇರಿಸಿದರೆ ನಷ್ಟವಾಗುವುದು ಬಹುಶಃ ಕೆಲವು ನೂರು ರೂಪಾಯಿಗಳಷ್ಟೆ. ಅಯೋವದ ಮಾಲೀಕರಿಗೆ ಈ ಪ್ರಶ್ನೆಯನ್ನು ಕಲಿಸಲು 300 ಡಾಲರಿನ ತೆರಿಗೆ ಬೇಕಾಯಿತು. ನಾವು ತೆರಿಗೆಗಾಗಿ ಕಾಯಬೇಕಾಗಿಲ್ಲ.